ಎಲ್ಲರಿಗೂ ಕಣ್ಣು ಬಂದಾಗ

ಘೋಡಗೇರಿ
೨೯ ಆಗಸ್ಟ್ ೨೦೨೩

ಪ್ರೀತಿಯ ನಾಗಕ್ಕನಿಗೆ,

ತಂಗಿ ಶೀತಲ್ ಮಾಡುವ ನಮಸ್ಕಾರ. ಮೂಡಲಗಿಯಲ್ಲಿ ನೀವೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ಪಂಚಮಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ ಎಂದು ಸಿಟ್ಟಾಗಬೇಡ. ನಾನು ಫೋನ್ ಹಿಡಿದರೆ ಅತ್ತೆ ಬಾಜೂ ಬಂದು ಕೂಡುತ್ತಾರೆ, ನನಗೆ ಹೇಳಬೇಕಾದದ್ದೆಲ್ಲ ಅವರ ಸುದ್ದಿಯೇ. ಅದಕ್ಕೇ ಈ ಪತ್ರ.

ನಮ್ಮ ಮನೆಯಲ್ಲಿ ಎಲ್ಲರಿಗೂ ಕಣ್ಣುಬೇನೆ ಹತ್ತಿ ಕಣ್ಣು ಬಂದಿದ್ದವು. ಮೊದಲು ಮಗಳು ದಾಕ್ಷಾಳಿಗೆ. ಸಾಲೆಯಿಂದ ಕೆಂಪು ಕಣ್ಣು ಉಜ್ಜುತ್ತಲೇ ಬಂದವಳು ಬಚ್ಚಲ ಬಾಗಿಲಿಗೆ ತೂಗುಹಾಕಿದ ಹಸಿರು ಟಾವೆಲಿನಿಂದ ಮುಖ ಒರೆಸಿಕೊಂಡಳು. ಆ ಟಾವೆಲು ನೀನು ಕಂಡದ್ದೇ. ಭಾವನವರು ಅದನ್ನು ನೋಡಿ ಹೆದರಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದರಲ್ಲ, ಅದೇ. ಅದರಿಂದಲೇ ಮಾವ ಮುಖ ಒರೆಸುತ್ತಾರೆ, ಅತ್ತೆ ಕೈ ಒರೆಸುತ್ತಾರೆ, ನಮ್ಮವರು ಹೊಲದಿಂದ ಬಂದು ಬೆವರು ಒರೆಸುತ್ತಾರೆ. ವಾರ ಮುಗಿಯುವುದರೊಳಗೆ ಅತ್ತೆಯ ಕಣ್ಣು ಪಿಸುರಿನಿಂದ ಅಂಟಿಕೊಂಡವು, ಆಮೇಲೆ ಮಾವನದು, ನಮ್ಮವರದು.

ಮಾವ ಸಂಕೇಶ್ವರದಿಂದ ಎಲ್ಲರಿಗೂ ಕರಿ ಚಷ್ಮಾ ತರಿಸಿದರು. "ಯಾರೂ ಯಾರ ಮುಖಾನೂ ನೋಡಬ್ಯಾಡ್ರಿ. ನೋಡಿದ್ರ ಹತ್ತತೈತಿ" ಎಂದು ಹುಕುಂ ಆಯಿತು. ಎಲ್ಲರೂ ಚಷ್ಮಾ ಹಾಕಿಕೊಂಡು ನಾಲ್ಕು ಗೋಡೆಗಳ ಕಡೆ ಮುಖ ಮಾಡಿ ಕೂತರು. ಕಣ್ಣಲ್ಲಿ ನೀರು ಬಂದಾಗ ಚಷ್ಮಾ ಎತ್ತಿ, ಅದೇ ಹಸಿರು ಟಾವೆಲಿನಿಂದ ಒರೆಸಿಕೊಂಡು, ಬಾಜೂದವರಿಗೆ ದಾಟಿಸಿದರು. ಎಮ್ಮೆಗೂ ಹತ್ತೀತೆಂದು ಮಾವ ಮುಖ ತಿರುಗಿಸಿಕೊಂಡು ಹಾಲು ಹಿಂಡಲು ಹೋದರು. ಕೈ ಎಲ್ಲಿ ಹಾಕಿದರೋ ಏನೋ, ಎಮ್ಮೆ ಒದ್ದು ಚರಿಗೆಯನ್ನು ಅಂಗಳಕ್ಕೆ ಹಾರಿಸಿತು.

ನನಗೊಬ್ಬಳಿಗೇ ಕಣ್ಣು ಬರಲಿಲ್ಲ. ನಿನಗೆ ಗೊತ್ತೇ ಇದೆ, ಹೋದ ವರ್ಷ ಟಿಬಿ ಆದಾಗಿನಿಂದ ನನ್ನ ತಾಟು, ಲೋಟ, ಹಾಸಿಗೆ, ಟಾವೆಲು ಎಲ್ಲ ಬೇರೆ. ಗುಳಿಗೆ ಮುಗಿದವು, ಕಫದ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. "ಇನ್ನ ಇವರಿಂದ ಯಾರಿಗೂ ಹತ್ತೂದಿಲ್ರಿ. ತಾಟಿನಿಂದಂತೂ ಅದು ಮೊದಲೂ ಹತ್ತೂದಲ್ಲ" ಎಂದು ದವಾಖಾನೆಯಲ್ಲಿ ಡಾಕ್ಟರು ಮಾವನಿಗೇ ಹೇಳಿದರು. ಮಾವ ಹೂಂ ಹೂಂ ಎಂದು ತಲೆಯಾಡಿಸಿ, ಮನೆಗೆ ಬಂದು, "ತಾಟ ಇದ್ದಲ್ಲೇ ಇರ್ಲಿ" ಅಂದರು. ನನ್ನ ಕೈಯಿಂದ ನೀರು ಕೂಡ ಇಸಿದುಕೊಳ್ಳುತ್ತಿರಲಿಲ್ಲ.

ಅತ್ತೆಗೆ ಸಂಶಯ ಹತ್ತಿತು. "ಇಕಿಗೊಬ್ಬಾಕಿಗೆ ಯಾಕ ಬರಲಿಲ್ಲ?"

"ಟಿಬಿ ಗುಳಗಿ ಭಾಳ ಕಡಕ್ ಇರತಾವ. ಅದರ ತಾಕತ್ತ ಅದು," ಎಂದರು ಮಾವ. "ಉಳದಿದ್ರ ನಮಗೂ ಒಂದೊಂದ ಕೊಡವಾ."

"ಗುಳಗಿ ಅಲ್ರಿ ಮಾವಾ, ಟಾವೆಲ್," ಎಂದೆ. ನಾಲ್ಕೂ ಚಷ್ಮಾಗಳು ಒಮ್ಮೆಲೇ ಟಾವೆಲಿನ ಕಡೆ ತಿರುಗಿದವು.

ಟಂಟಂ ಗಾಡಿ ಮಾಡಿಸಿಕೊಂಡು ಎಲ್ಲರನ್ನೂ ಹುಕ್ಕೇರಿಗೆ ಒಯ್ದೆ. ಗಾಡಿಯವನು ನಾಲ್ಕು ಕರಿ ಚಷ್ಮಾ ನೋಡಿ, "ಎಲ್ಲಿ ಬ್ಯಾಂಡ್ ಬಾರಸಾಕ ಹೊಂಟೀರಿ?" ಎಂದು ಕೇಳಿದ. ಕಣ್ಣಿನ ಡಾಕ್ಟರಮ್ಮ, "ನೋಡಿದ್ರ ಹತ್ತೂದಿಲ್ರಿ ಅಜ್ಜಾರ, ಮುಟ್ಟಿ ಒರಸಿದ್ರ ಹತ್ತತೈತಿ. ಸಾಬಾಣ ಹಚ್ಚಿ ಕೈ ತೊಳೀರಿ. ಅವರವರ ಟಾವೆಲ್ ಅವರವರಿಗೆ ಇರ್ಲಿ" ಎಂದು ಹೇಳಿ ಹನಿ ಔಷಧ ಕೊಟ್ಟರು. ಮನೆಗೆ ಬಂದು ಹಸಿರು ಟಾವೆಲನ್ನು ಕುದಿಯುವ ನೀರಿಗೆ ಹಾಕಿದೆ. ಅದು ಹಸಿರಲ್ಲ ಅಕ್ಕಾ, ಹಳದಿ.

ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬರಿಗೆ ಹಾಕಿ ಕೈ ತೊಳೆದು ಇನ್ನೊಬ್ಬರ ಹತ್ತಿರ ಹೋಗಬೇಕು. ಮಾವ ಕೊನೆಯವರು. "ನೀ ಉಸರ ಹಿಡಕೊಂಡ ಹಾಕವಾ" ಎಂದು ಕರಾರು ಹಾಕಿ ಮಲಗಿದರು. ನಾನು ಉಸಿರು ಕಟ್ಟಿ ಬಗ್ಗಿದೆ. ಕಣ್ಣು ತೆಗೆಯಲೊಲ್ಲರು. ಉಸಿರು ಬಿಡದೆ ಹೇಗೋ, "ಕಣ್ಣ ತಗೀರಿ ಮಾವಾ" ಎಂದೆ.

"ತಗದೇನಲ್ಲ!"

"ಅದು ಬಾಯಿ ರೀ."

ನಗು ತಡೆಯಲಾಗಲಿಲ್ಲ. ಕಟ್ಟಿದ ಉಸಿರೆಲ್ಲ ಭರ್ರನೆ ಅವರ ಮುಖದ ಮೇಲೇ ಹೋಯಿತು. ಗಾಬರಿಯಾಗಿ ಬಾಯಿ ಮುಚ್ಚಿಕೊಂಡೆ. ಮಾವ ಅಲುಗಾಡಲಿಲ್ಲ. ಒಂದು ಕಣ್ಣು ತೆಗೆದು, ನನ್ನ ಮುಖವನ್ನು ನೆಟ್ಟಗೆ ನೋಡಿದರು. ಹನಿ ಬಿತ್ತು. "ಇನ್ನೊಂದಕ್ಕೂ ಹಾಕವಾ. ಅದೇನ ಪಾಪ ಮಾಡೇತಿ?" ಎಂದರು.

ಎಲ್ಲರಿಗೂ ಆರಾಮಾದ ಮೇಲೆ ಒಂದು ಮುಂಜಾನೆ ಮಾವನೇ ನನ್ನ ತಾಟು ತೆಗೆದು ಉಳಿದ ತಾಟುಗಳ ಜೊತೆ ಸೇರಿಸಿಬಿಟ್ಟರು. ಅತ್ತೆ, "ಅದು ಅಕೀದರೀ!" ಎಂದು ಕೂಗಿದರು. "ಯಾವದ ಯಾರದ ನನಗ ಕಾಣವಲ್ದು. ಕಣ್ಣ ಇನ್ನೂ ಮಂಜ ಅದಾವ," ಎಂದು ಹೇಳಿ ರೊಟ್ಟಿಗೆ ಕೂತರು. ಅತ್ತೆ ಒಂದು ಗಳಿಗೆ ನಿಂತು, ಮೇಲಿನ ತಾಟು ತೆಗೆದು ಬಡಿಸಿದರು. ಅದು ನನ್ನದೇ ಇತ್ತು. ಮಾವ ಉಂಡರು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ನಿಮ್ಮ ಮನೆಯಲ್ಲೂ ಟಾವೆಲು ಎಣಿಸಿ ನೋಡು. ದೇವರು ನಿಮ್ಮನ್ನೆಲ್ಲ ಚೆನ್ನಾಗಿ ಇಟ್ಟಿರಲಿ.

ನಿನ್ನ ತಂಗಿ,
ಶೀತಲ್

ತಾ.ಕ.: ನಿನ್ನೆ ದಾಕ್ಷಾ ಬೀದಿಯಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತ ಓಡಿ ಬಂದಳು. ನಾನು ಎರಡೂ ಕೈ ಚಾಚಿದೆ. ಅವಳು ಅಷ್ಟು ದೂರದಲ್ಲೇ ನಿಂತುಬಿಟ್ಟಳು. ಅಳು ನುಂಗಿ, "ಅವ್ವಾ, ಹತ್ತರ ಬರ್ಲೇನ?" ಎಂದು ಕೇಳಿದಳು. ಬಾ ಎಂದೆ. ಆದರೂ ತಿರುಗಿ ಅತ್ತೆಯ ಮುಖ ನೋಡಿದಳು. ಅತ್ತೆಯೂ ಹೋಗು ಎಂದರು. ಬಂದಳು, ನನ್ನ ಸೆರಗಿನ ತುದಿ ಹಿಡಿದು ನಿಂತಳು, ಅಷ್ಟೇ. ಈಗ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ ಅಕ್ಕಾ, ಅವಳಿಗೇ ರೂಢಿಯಾಗಿಬಿಟ್ಟಿದೆ. ದಸರೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬಾ. ಅವರು ಬಂದ ಕೂಡಲೇ ನನ್ನ ಮೈಮೇಲೆ ಬೀಳುತ್ತಾರಲ್ಲ, ಅದನ್ನು ದಾಕ್ಷಾ ನೋಡಬೇಕು.