ಸೀತಾಫಲದ ಮರದ ಬಿಳಿ ಹುಳುಗಳು

ಧನಕವಡಿ, ಪುಣೆ
೧೪ ಅಕ್ಟೋಬರ್ ೨೦೨೪

ಪ್ರೀತಿಯ ಕುಸುಮ,

ನಾನು ವಿಶಾಲಮ್ಮ ಗುರುಪಾದಪ್ಪ ಹಂಚಿನಾಳ. ಪುಣೆಯ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ಪಕ್ಕದ ಕೋಣೆಯಲ್ಲಿ ನೀನು ವಿಜ್ಞಾನ ಕಲಿಸುತ್ತಿದ್ದೆ. ಗೆಳತಿಗೆ ಬರೆಯುವ ಪತ್ರವನ್ನು ಇಲಾಖೆಗೆ ಅರ್ಜಿ ಬರೆದಂತೆ ಆರಂಭಿಸಿದ್ದಾಳೆಂದು ನಗಬೇಡ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನೀನು ನೆಟ್ಟ ಸೀತಾಫಲದ ಮರ ಉಳಿಯುವುದೋ ಇಲ್ಲವೋ ತಿಳಿಯದೆ ಬರೆಯಲು ಕೈ ಏಳಲಿಲ್ಲ.

ನಮ್ಮ ಸೊಸೈಟಿಯ ಅಂಗಳದ ಆ ಮರಕ್ಕೆ ಈ ಮಳೆಗಾಲದಲ್ಲಿ ಹಿಟ್ಟು ತಿಗಣೆ ಹತ್ತಿತು. ಕಾಯಿಯ ಸಂದುಸಂದಿನಲ್ಲಿ ಅಕ್ಕಿಹಿಟ್ಟು ಮೆತ್ತಿದಂತೆ ಕುಳಿತು ರಸ ಹೀರುತ್ತದೆ. ಅದು ಸುರಿಸುವ ಅಂಟು ಕೆಳಗೆ ನಿಲ್ಲಿಸಿದ ಸ್ಕೂಟರುಗಳ ಮೇಲೆಲ್ಲ. ಕಾರ್ಯದರ್ಶಿ ಕೇದಾರ ಅವರು ಮರವನ್ನೇ ಕಡಿಸಲು ಹೊರಟರು. "ಬಾಯಾರ, ಪ್ಯಾಂಟು ಸೀಟಿಗೆ ಅಂಟಿ ಆಫೀಸಿನ್ಯಾಗ ಮಂದಿ ನಗತಾರ್ರಿ!"

ಮೇಲಿನ ಮನೆಯ ರಂಜಿನಿ ಮೈಸೂರಿನ ಹುಡುಗಿ. "ಮಿಸ್, ಕಡಿಸೋದೂ ಬೇಡ, ಸ್ಪ್ರೇನೂ ಬೇಡ. ತಿಗಣೆ ತಿನ್ನೋ ಗುಲಗಂಜಿ ಹುಳು ಸಿಗುತ್ತೆ, ಲ್ಯಾಬ್‌ನಿಂದ ಆರ್ಡರ್ ಮಾಡ್ತೀನಿ" ಎಂದಳು. ಡಬ್ಬಿಯಲ್ಲಿ ಬಂದವು: ಕಪ್ಪು ಬೆನ್ನು, ಕಿತ್ತಳೆ ತಲೆ, ಮೆಣಸಿನ ಕಾಳಿಗಿಂತ ಚಿಕ್ಕವು. ಅವನ್ನು ಮರಕ್ಕೆ ಬಿಟ್ಟು, ಕೇದಾರರಿಂದ ದಸರೆಯವರೆಗೆ ಗಡುವು ಪಡೆದೆ.

ದಸರೆ ಸಮೀಪಿಸಿದಾಗ ಮರ ಇನ್ನಷ್ಟು ಬೆಳ್ಳಗಾಗಿತ್ತು! ಕರಿಯ ಹುಳುಗಳ ಸುಳಿವೇ ಇಲ್ಲ. ಕೊಂಬೆಯ ತುಂಬ ಮೊದಲಿಗಿಂತ ದೊಡ್ಡ ಬಿಳಿಯವು; ಮೈಯಿಂದ ಹತ್ತಿಯ ಎಳೆಗಳು ಜೋಲುತ್ತಿದ್ದವು.

"ನಿಮ್ಮ ಹುಳಾ ಬಂದಮ್ಯಾಲೆ ತಿಗಣಿ ದಪ್ಪ ಆದ್ವಲ್ರಿ ಬಾಯಾರ! ಇವಕ್ಕ ಊಟಾ ಹಾಕಿದ್ರೇನು?" ಎಂದು ಕೇದಾರ ಕೆಣಕಿದರು.

ಅವಮಾನವಾಯಿತು. ಸಾಬೂನಿನ ನೀರು, ಬಟ್ಟೆ ಹಿಡಿದು ಎಲ್ಲವನ್ನೂ ಒರೆಸಿಬಿಡಲು ನಿಂತೆ. ಆಗ ನೀನು ನೆನಪಾದೆ. "ಇದೇನ್ರಿ ಬಾಯಾರ?" ಎಂದು ಮಕ್ಕಳು ಕೇಳಿದರೆ ನೀನು ಉತ್ತರ ಹೇಳುತ್ತಿರಲಿಲ್ಲ, ಭೂತಗನ್ನಡಿಯನ್ನು ಕೈಗಿತ್ತು, "ಮೊದಲ ನೋಡ್ರಿ, ಹೆಸರು ಆಮ್ಯಾಲೆ" ಎನ್ನುತ್ತಿದ್ದೆ. ಧಾರವಾಡಕ್ಕೆ ಮಗ ಹರ್ಷಾನ ಮನೆಗೆ ಹೊರಡುವಾಗ ನೀನು ನನಗೆ ಬಿಟ್ಟುಹೋದ ಆ ಭೂತಗನ್ನಡಿಯನ್ನು ತಂದು ಕಣ್ಣಿಗೆ ಹಿಡಿದೆ.

ಕುಸುಮ, ಏನೆಂದು ಹೇಳಲಿ! ದೊಡ್ಡ ಬಿಳಿ ಹುಳುವೊಂದು ತಿಗಣೆಯ ಮೊಟ್ಟೆಗಳ ಗಂಟಿಗೆ ಬಾಯಿ ಹಾಕಿ, ಆಕಳು ಹುಲ್ಲು ಮೇಯುವಷ್ಟು ನೆಮ್ಮದಿಯಿಂದ ಮೇಯುತ್ತಿತ್ತು. ರಂಜಿನಿಯನ್ನು ಕೂಗಿದೆ. ಅದು ತಿಗಣೆಯಲ್ಲ, ನಾವು ಬಿಟ್ಟ ಗುಲಗಂಜಿ ಹುಳುವಿನ ಮರಿ ಎಂದಳು. ತಿಗಣೆಯ ಬಣ್ಣ, ತಿಗಣೆಯ ಉಡುಪು, ತಿಗಣೆಗಳ ನಡುವೆಯೇ ವಾಸ! ಕಾಯಲು ಬಂದವರನ್ನೇ ಒರೆಸಿಹಾಕಲಿದ್ದೆನಲ್ಲ ಎಂದು ಬಟ್ಟೆಯನ್ನು ದೂರ ಎಸೆದೆ. ಒಂದು ಅಂಗುಲ ಕೊಂಬೆಯ ಮೇಲೆ ಇಷ್ಟೊಂದು ಲೋಕವ್ಯವಹಾರ ನಡೆಯುವುದನ್ನು ಎಪ್ಪತ್ತು ದಾಟಿದ ಮೇಲೆ ಕಂಡೆ. ಶಾಲೆಯ ಮಗುವಿನಂತೆ ಬಾಯಿ ತೆರೆದು ನಿಂತಿದ್ದೆ.

ಕೇದಾರರೂ ಬಗ್ಗಿ ನೋಡಿದರು. "ಅಯ್ಯಯ್ಯ, ತಿನ್ನಲಿಕ್ಕತ್ತದ! ಭಾಳ ಹಲ್ಕಟ್ ಅದರೀ ಇದು!" ಎಂದವರು ಬಹಳ ಹೊತ್ತು ಭೂತಗನ್ನಡಿಯನ್ನು ಮರಳಿ ಕೊಡಲಿಲ್ಲ. ಈಗ ಸ್ಕೂಟರುಗಳೇ ಗೇಟಿನ ಆಚೆ ನಿಲ್ಲುತ್ತಿವೆ. ನಿನ್ನ ಮರ ಉಳಿಯಿತು.

ನಿನಗೂ ಹರ್ಷಾನ ಸಂಸಾರಕ್ಕೂ ದಸರೆಯ ಶುಭವಾಗಲಿ. ಬಂಗಾರದಂತೆ ಇರು.

ನಿನ್ನ
ವಿಶಾಲಾ

ಮರೆತ ಮಾತು: ಹೋದ ತಿಂಗಳು ಹರ್ಷಾ ಫೋನನ್ನು ನಿನ್ನ ಕಿವಿಗೆ ಹಿಡಿದಾಗ, "ಯಾರ್ರಿ ನೀವು? ಯಾವ ಊರಿನವರು?" ಎಂದು ನೀನು ಬಹಳ ಮರ್ಯಾದೆಯಿಂದ ಕೇಳಿದೆ. ಇಷ್ಟು ವರ್ಷಗಳಲ್ಲಿ ನೀನು ನನ್ನನ್ನು ಹಾಗೆ ಮಾತನಾಡಿಸಿದ್ದು ಅದೇ ಮೊದಲು. ಅದಕ್ಕೇ ಹೆಸರು, ಸೇವೆಗಳನ್ನು ಮೊದಲ ಸಾಲಿನಲ್ಲಿಯೇ ಬರೆದೆ.

ಲಗತ್ತುಗಳು: ಮರದ ಫೋಟೋ, ಕಾಗದದಲ್ಲಿ ಮಡಿಸಿದ ಬನ್ನಿ ಎಲೆ, ಶಾಲೆಯ ಮೆಟ್ಟಿಲ ಮೇಲೆ ನಾವಿಬ್ಬರೂ ನಿಂತು ತೆಗೆಸಿದ ಫೋಟೋ. ಅದರ ಹಿಂದೆ ಹೆಸರು ಬರೆದಿಲ್ಲ. ಮೊದಲು ನೋಡು.