ಏಳನೆಯವನು

ಅಪ್ಪಾ,

ಇವತ್ತು ನಿಮ್ಮ ಶಾಲೆಯಲ್ಲಿ ಸಂತಾಪಸಭೆ ಇತ್ತು. ಹಳೇ ವಿದ್ಯಾರ್ಥಿನಿಯೊಬ್ಬಳು ನೀವು ಪ್ರತಿವರ್ಷ ಕೊಡುತ್ತಿದ್ದ ಲೆಕ್ಕವನ್ನು ನೆನೆದಳು: ನೆರೆಯಲ್ಲಿ ಮುಳುಗುತ್ತಿರುವ ತಾರಸಿಯ ಮೇಲೆ ಏಳು ಜನ, ಸೇನೆಯ ಹೆಲಿಕಾಪ್ಟರ್ ಹೊರುವುದು ಆರೇ ಜನರನ್ನು. ಯಾರನ್ನು ಬಿಡುತ್ತೀರಿ?

"ಸರ್ ಪೈಲಟ್ ಆಗಿದ್ದಾಗ ತಮ್ಮ ಭಾವಮೈದುನನನ್ನೇ ಬಿಟ್ಟು ಬಂದ್ರಂತೆ. ಬೇರೆಯವರಿಗೆ ಇಳಿ ಅನ್ನೋಕೆ ಬಾಯಿ ಬರ್ಲಿಲ್ವಂತೆ. ಹೇಳ್ತಾ ಅತ್ತೇಬಿಡೋರು," ಎಂದಳು.

ಅಮ್ಮನಿಗೆ ನೀವು ಹೇಳಿದ್ದು, ನೀವು ಹೋಗುವಷ್ಟರಲ್ಲಿ ಮಾವ ಕೊಚ್ಚಿಹೋಗಿದ್ದ ಎಂದು. ಇಪ್ಪತ್ತು ವರ್ಷ ತರಗತಿಗೆಲ್ಲ ಗೊತ್ತಿದ್ದ ಮಾತು ನಮ್ಮ ಹೊಸ್ತಿಲು ದಾಟಲಿಲ್ಲ. ಬಿಟ್ಟುಬಂದಿದ್ದನ್ನಾದರೂ ಕ್ಷಮಿಸಿಯೇನು, ಕಂಡವರ ಮಕ್ಕಳ ಮುಂದೆ ಅತ್ತಿದ್ದನ್ನು ಹೇಗೆ ಕ್ಷಮಿಸಲಿ?

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರು ಎಲ್ಲಾ?"

"ಲೆಕ್ಕ ಚೆನ್ನಾಗಿ ಹೇಳ್ಕೊಡ್ತಿದ್ರಂತೆ," ಎಂದೆ.

ಅವಳು ಹೆಮ್ಮೆಯಿಂದ ನಿಮ್ಮ ಫೋಟೋ ಒರೆಸಿ, ತನ್ನ ತಮ್ಮನ ಫೋಟೋದ ಪಕ್ಕದಲ್ಲೇ ತೂಗುಹಾಕಿದಳು.