ಇಲ್ಲದ ಬಂಡಿಯ ಕಳವು

ಬಾಗಲಕೋಟೆ, ಭಾನುವಾರ

ಚಿಕ್ಕಪ್ಪ, ನಮಸ್ಕಾರ.

ಇಲ್ಲಿನ ಉದ್ಯಾನದಲ್ಲಿ ನಿಲ್ಲಿಸಿರುವ ಪುಟ್ಟ ಉಗಿ ರೈಲು ಎಂಜಿನ್ನಿನ ಹಿಂದೆ ಜೋಡಿಸುವ ಕಲ್ಲಿದ್ದಲು ಬಂಡಿ ಕಳುವಾಗಿದೆ ಎಂದು ಉದ್ಯಾನ ಸಮಿತಿಯ ಅಧ್ಯಕ್ಷರು ತಿಳಿಸಿದ್ದಾರೆ. ಕಾವಲುಗಾರ ಮಲಕಪ್ಪನನ್ನು ಕೆಲಸದಿಂದ ನಿಲ್ಲಿಸಿದ್ದಾರೆ.

ಎಂಜಿನ್ ನೀವು ಓಡಿಸುತ್ತಿದ್ದ ಜಾತಿಯದೇ. ರೈಲ್ವೆ ಯಾರ್ಡಿನಲ್ಲಿ ಬೋಗಿಗಳನ್ನು ಅತ್ತಿತ್ತ ಎಳೆಯಲು ಹುಟ್ಟಿದ್ದು, ನೀರನ್ನು ಎರಡೂ ಪಕ್ಕೆಯಲ್ಲಿ, ಕಲ್ಲಿದ್ದಲನ್ನು ಬೆನ್ನಿನಲ್ಲಿ ತಾನೇ ಹೊತ್ತು ದುಡಿದು, ಡೀಸೆಲ್ ಬಂದ ಮೇಲೆ ಮೂಲೆಗೆ ಬಿದ್ದದ್ದು. ಅದರ ಹಿಂದೆ ಬೇರೆ ಬಂಡಿ ಎಂದೂ ಇರಲಿಲ್ಲ. ಆದರೆ ಸಮಿತಿ ಬರೆಸಿದ ಫಲಕದ ಚಿತ್ರದಲ್ಲಿ ದೊಡ್ಡ ಎಂಜಿನ್ನಿದೆ, ಅದಕ್ಕೆ ಬಂಡಿಯೂ ಇದೆ.

ನಾನು ಇದನ್ನು ಹೇಳಿದೆ. “ಖರೆ ಇರಬಹುದ್ರಿ. ಆದ್ರ ಕಳುವಾಗೇತಿ ಅಂತ ಠರಾವು ಆಗೇತಲ್ಲ!” ಎಂದರು ಅಧ್ಯಕ್ಷರು. ಆಮೇಲೆ ಅಲ್ಲೇ ನಿಂತಿದ್ದ ಮಲಕಪ್ಪನ ಕಡೆ ತಿರುಗಿ, “ಬೀರಪ್ಪನ ಭಂಡಾರ ಮುಟ್ಟಿ ಆಣಿ ಮಾಡೋ, ಬಂಡಿ ಕದ್ದಿಲ್ಲಂತ,” ಎಂದರು. ಆ ದೇವರ ಅರಿಶಿನ ಮುಟ್ಟಿ ಸುಳ್ಳಾಡಲು ಇಲ್ಲಿ ಎಂಥವರೂ ಹೆದರುತ್ತಾರೆ.

“ಮುಟ್ಟತೇನ್ರಿ,” ಎಂದ ಮಲಕಪ್ಪ. “ಮೊದ್ಲ ನೀವು ಮುಟ್ಟಿ, ಬಂಡಿ ಕಂಡಿದ್ದೆ ಅಂತ ಹೇಳ್ರಿ.”

ಅಧ್ಯಕ್ಷರಿಗೆ ತುರ್ತು ಫೋನ್ ಬಂತು.

ನಿಮ್ಮ ಎಂಜಿನ್ನಿನ ಫೋಟೊ, ಹಿಂಭಾಗ ಕಾಣುವಂಥದ್ದು, ಕೂಡಲೇ ಕಳಿಸಿ. ಅವನ ಕೆಲಸ ಉಳಿಯಬೇಕು. ನಾನು ಆರೋಗ್ಯ. ರೊಟ್ಟಿ ಒಗ್ಗಿದೆ, ಬಿಸಿಲು ಇನ್ನೂ ಒಗ್ಗಿಲ್ಲ. ಕಾರ್ಡು ತುಂಬುತ್ತ ಬಂತು.

ಆಣೆಯನ್ನು ನಾಡಿದ್ದು ಬಿಟ್ಟು ಮುಂದಿನ ಮಂಗಳವಾರಕ್ಕೆ ಮುಂದೂಡಿದ್ದಾರೆ. ಅದೇ ದಿನ ಬೆಳಿಗ್ಗೆ, ಕಳುವಾದ ಬಂಡಿಯಂಥದ್ದೇ ಹೊಸದು ಮಾಡಿಸುವ ಕುರಿತು ಸಮಿತಿಯ ಸಭೆ ಇದೆ.

ವಸುಧಾ